ಹಿಂದಿನವರ ಶುಗರ್

ಆಗ ನನಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಎರಡು ಸಾವಿರದ ಇಸವಿಯ ಆಸುಪಾಸು. ಶಿವಮೊಗ್ಗದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕಂಪ್ಯೂಟರ್ ಗೊತ್ತಿದ್ದವಳು ನಾನೊಬ್ಬಳೇ. ಭದ್ರಾವತಿಯ ನಮ್ಮ ಶಾಖೆಯಲ್ಲಿ ತೆಗೆದ ರಕ್ತ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿತ್ತು. ಮಧ್ಯಾಹ್ನ ಅಲ್ಲಿಯ ಹುಡುಗಿ ನಾನು ಬರೆದ ವೆಬ್ ಪುಟ ತೆರೆದು ರಿಪೋರ್ಟ್ ಪ್ರಿಂಟ್ ತೆಗೆದು ಕೊಡುತ್ತಿದ್ದಳು.

“ನಿನ್ನ ಪುಟ ಬರೋದ್ರೊಳಗೆ ಒಂದ್ ಕಾಫಿ ಕುಡಿದು ಬರ್ತೀನಿ ಮಾರಾಯ್ತಿ,” ಎಂದು ಅವಳು ಫೋನಿನಲ್ಲಿ ಅಣಕಿಸಿದಾಗ ರೇಗಿತು. ಯಾರು ಪುಟ ಕೇಳಿದರೂ ಸರ್ವರ್ ಪರೀಕ್ಷೆಗಳ ಹೆಸರು, ಮಾಮೂಲಿ ಮಟ್ಟ ಎಲ್ಲವನ್ನೂ ಮೊದಲಿಂದ ಓದುತ್ತಿತ್ತು. ಅವನ್ನು ಒಂದೇ ಸಲ ಓದಿಸಿ, ಮೆಮೊರಿಯಲ್ಲಿ ಎಲ್ಲರಿಗೂ ಸೇರಿದ ಜಾಗದಲ್ಲಿ ಉಳಿಯುವಂತೆ ಮಾಡಿದೆ. ಪುಟ ಪಟ್ಟನೆ ಬರತೊಡಗಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸೋಮಾರಿತನಕ್ಕೆ ಒಬ್ಬೊಬ್ಬರ ಫಲಿತಾಂಶವನ್ನೂ ಅಲ್ಲೇ ಇಟ್ಟೆ. ಹೊಸಬರ ಅಂಕಿ ಬಂದರೆ ಹಳೆಯದು ಹೋಗುತ್ತದೆ ತಾನೇ? ಹೊಸಬರದು ಖಾಲಿ ಇದ್ದರೆ ಏನು ಗತಿ ಎಂದು ಯೋಚಿಸಲಿಲ್ಲ.

ಒಂದು ಸಂಜೆ ಟೆಕ್ನಿಷಿಯನ್ ಬಂದ. “ಮೇಡಂ, ಭದ್ರಾವತಿ ಪೇಷಂಟ್ ಒಬ್ರು, ವಯಸ್ಸಾದ ಯಜಮಾನ್ರು, ಅವ್ರ ಶುಗರ್ ರಕ್ತದ ಬಾಟ್ಲಿ ಬಸ್ಸಲ್ಲೇ ಒಡೆದೋಗಿದೆ. ನಾಳೆ ಮತ್ತೆ ರಕ್ತ ಕೊಡೋಕೆ ಹೇಳ್ಬಿಡಿ.”

ಅವರ ಪುಟ ತೆರೆದೆ. ಖಾಲಿ ಇರಬೇಕಾದಲ್ಲಿ ತೊಂಬತ್ತಾರು ಇತ್ತು. ಇನ್ಯಾರದೋ ಪುಟ ನೋಡಿ ಮತ್ತೆ ಇವರದಕ್ಕೆ ಬಂದೆ. ಈಗ ನೂರ ಎಪ್ಪತ್ತು, ಆಗಷ್ಟೇ ನೋಡಿದವರ ಅಂಕಿ. ಹಿಂದಿನವರು ಕುಡಿದ ಲೋಟವನ್ನು ತೊಳೆಯದೆ ಮುಂದಿನವರ ಕೈಗೆ ಕೊಡುತ್ತಿದ್ದೆ. ಶಾಖೆಗೆ ಫೋನ್ ಮಾಡಿ, ಅವರಿಗೆ ಎಷ್ಟು ಅಂತ ಪ್ರಿಂಟ್ ಬಂತು ಎಂದು ಕೇಳಿದೆ.

“ನಾನೂರ ಹನ್ನೆರಡು. ಆಗ್ಲೇ ತಗೊಂಡು ಹೋದ್ರಲ್ಲ. ಅದನ್ನ ನೋಡ್ಕೊಂಡೇ ಅವ್ರು ಸಂಜೆ ಇನ್ಸುಲಿನ್ ಎಷ್ಟು ಅಂತ ಹಾಕ್ಕೊಳ್ಳೋದು.”

ಇಲ್ಲದ ಶುಗರ್‌ಗೆ ಅಷ್ಟು ಇನ್ಸುಲಿನ್ ಬಿದ್ದರೆ ಮನುಷ್ಯ ಉಳಿಯುವುದು ಕಷ್ಟ. ಗಂಟೆ ಆರೂವರೆ. ಅವರ ಫಾರಂ ಹುಡುಕಿದೆ. ನಂಬರಿನ ಪಕ್ಕ ಪಿ.ಪಿ. ಎಂದಿತ್ತು, ಅಂದರೆ ಪಕ್ಕದ ಮನೆಯ ಫೋನ್. ಎತ್ತಿದ ಹೆಂಗಸು, “ಇರಿ, ಕರೀತೀನಿ,” ಎಂದು ರಿಸೀವರ್ ಮೇಜಿನ ಮೇಲಿಟ್ಟು ಹೋದರು.

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಇನ್ನೊಂದು ಸಲ ಕೂಗಿತು. ಯಾರೂ ಬರಲಿಲ್ಲ. ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ. ಮೂರನೆಯ ಕೂಗಿನ ಹೊತ್ತಿಗೆ ಚಪ್ಪಲಿ ಸದ್ದು ಕೇಳಿಸಿತು.

“ಹೇಳಮ್ಮ.”

“ಇನ್ಸುಲಿನ್ ಹಾಕ್ಕೊಂಡ್ರಾ?”

“ಸೂಜಿಗೆ ತುಂಬಿಟ್ಟಿದ್ದೆ. ಫೋನ್ ಅಂದ್ರು, ಹಂಗೇ ಬಿಟ್ಟು ಬಂದೆ.”

“ಹಾಕ್ಕೋಬೇಡಿ! ಡಾಕ್ಟರನ್ನ ಕೇಳೋವರೆಗೂ ಬೇಡ. ಆ ಅಂಕಿ ನಿಮ್ಮದಲ್ಲ.”

ಕಂಪ್ಯೂಟರ್ ತಪ್ಪು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. “ನನ್ನ ತಪ್ಪು, ಯಜಮಾನ್ರೇ,” ಎಂದೆ. ಅಳು ಬಂತು.

ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ.

“ನಂಗೆ ಬೇರೆಯೋರ್ದು ಬಂತು, ಸರಿ. ನನ್ನಂಗೆ ಇನ್ನೆಷ್ಟು ಜನಕ್ಕೆ ಹಿಂಗೆ ಹೋಗಿದೆಯಮ್ಮ?”

ನನಗದು ಹೊಳೆದೇ ಇರಲಿಲ್ಲ. ಫೋನ್ ಇಟ್ಟೆ, ಸರ್ವರ್ ನಿಲ್ಲಿಸಿದೆ, ಪುಟ ಬದಲಿಸಿದ ದಿನದಿಂದ ಬಂದ ಫಾರಂಗಳ ಕಟ್ಟನ್ನೆಲ್ಲ ಬಿಚ್ಚಿ ಮೊದಲ ನಂಬರ್ ತಿರುಗಿಸಿದೆ.