ಎಂಟು ಗಂಟೆಯ ತಿಂಡಿ

ಮೊದಲು ತಪ್ಪಿದ್ದು ಪೆನ್ನು.

ಬೆಳಗೋಡು ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ಬೆಳಿಗ್ಗೆ ಎಂಟಕ್ಕೆ ಸ್ಟೋರ್ ಮುಂದೆ ಕೆಲಸದವರ ಹೆಸರು ಕೂಗಿ ಹಾಜರಿ ಹಾಕಬೇಕು. ಅಂದು ಹನ್ನೊಂದನೆಯ ಹೆಸರಿನ ಮುಂದೆ ಗುರುತು ಹಾಕಲು ಹೋದೆ. ಪೆನ್ನು ಗೆರೆ ದಾಟಿ ಪುಟದ ಕೆಳಗಿನವರೆಗೆ ಜಾರಿತು. ಎದುರಿಗೆ ನಿಂತವರೆಲ್ಲ ಸ್ವೆಟರ್ ಹಾಕಿದ್ದರು. ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಮುಂದಿನದು ನನಗೆ ನೆನಪಿಲ್ಲ. ನೋಡಿದವರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಸಣ್ಣಮ್ಮನ ಹೆಸರನ್ನು ಮೂರು ಸಲ ಕೂಗಿದೆನಂತೆ. "ಇಲ್ಲೇ ಇದೀನಲ್ಲ ರೈಟ್ರೇ, ನನ್ನೊಬ್ಳಿಗೇ ಮೂರು ಹಾಜ್ರಿನಾ?" ಎಂದು ಅವರು ಕೇಳಿದಾಗ ಎಲ್ಲರೂ ನಕ್ಕರಂತೆ. ನಾನು ಗೋಡೆ ಹಿಡಿದು ತೊದಲಿದೆನಂತೆ. ಹಿಂದಿನ ಸಾಲಿನಿಂದ ಮಂಜ, "ರೈಟ್ರು ಬೆಳಗ್ಗೇನೇ ಹಾಕ್ಬುಟ್ಟವ್ರೆ ಮಾರಾಯ" ಎಂದ. ಆಮೇಲೆ ಬಿದ್ದೆ.

ಸಣ್ಣಮ್ಮನ ಗಂಡನಿಗೂ ನನ್ನ ಹಾಗೆ ಶುಗರ್ ಇದೆ. ಶುಗರ್ ಇಳಿದಿರಬೇಕೆಂದು ಸಣ್ಣಮ್ಮನಿಗೆ ತಕ್ಷಣ ಅನುಮಾನ ಬಂತು. ನನಗೆ ಇನ್ನೂ ನುಂಗಲು ಆಗುತ್ತಿತ್ತಂತೆ. ಎಬ್ಬಿಸಿ ಕೂರಿಸಿ, ತಮ್ಮ ಬೆಲ್ಲದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಜೀಪಿನಲ್ಲಿ ಸಕಲೇಶಪುರಕ್ಕೆ ಒಯ್ದು ರಕ್ತ ನೋಡಿದಾಗ ಶುಗರ್ ಐವತ್ತೊಂದು. ಕಾಫಿ ಕುಡಿಸಿದ ಮೇಲೂ ಐವತ್ತೊಂದು.

"ಇನ್ನೊಂಚೂರು ತಡ ಆಗಿದ್ರೆ..." ಎಂದರು ಡ್ಯೂಟಿ ಡಾಕ್ಟರ್.

ಕಾರಣ ನನಗೆ ಗೊತ್ತಿತ್ತು. ಮೂರು ವಾರದ ಹಿಂದೆ ಹಾಸನದ ಡಾಕ್ಟರ್ ಇನ್ಸುಲಿನ್ ಶುರು ಮಾಡಿದ್ದರು. ರಾತ್ರಿ ಊಟಕ್ಕೆ ಮುಂಚೆ ಒಂದು, ಬೆಳಿಗ್ಗೆ ಏಳೂವರೆಗೆ ಒಂದು ಇಂಜೆಕ್ಷನ್, ಎಂಟಕ್ಕೆ ತಿಂಡಿ. "ಎಂಟಕ್ಕೆ ತಿಂತೀರಲ್ವಾ?" ಎಂದು ಕೇಳಿದರು. "ಹೂಂ ಸರ್" ಎಂದೆ.

ಎಂಟಕ್ಕೆ ನಾನು ಎಂದೂ ತಿಂಡಿ ತಿಂದವನಲ್ಲ. ಆರಕ್ಕೆ ಕಾಫಿ, ಆಮೇಲೆ ಹಾಜರಿ, ಆಮೇಲೆ ಆಳುಗಳನ್ನು ಆಯಾ ತೋಟಕ್ಕೆ ಕಳಿಸಿ ನೋಡಿಬರುವುದು. ಮನೆಗೆ ಬಂದು ರೊಟ್ಟಿಗೆ ಕೂರುವಾಗ ಒಂಬತ್ತೂಕಾಲು. ಇಪ್ಪತ್ತಾರು ವರ್ಷದಿಂದ ನಡೆದದ್ದು ಹಾಗೆಯೇ. ಹೊರಗೆ ಜನ ಕಾಯುತ್ತಿದ್ದರು, ಡಾಕ್ಟರು ಅವಸರದಲ್ಲಿದ್ದರು. ಅದಕ್ಕಿಂತ ಹೆಚ್ಚಾಗಿ, ದೊಡ್ಡ ಆಸ್ಪತ್ರೆಯಲ್ಲಿ ನಮ್ಮ ಮನೆಯ ಹೊತ್ತುಗೊತ್ತು ಹೇಳಲು ನಾಚಿಕೆಯಾಯಿತು. ಇಪ್ಪತ್ತು ದಿನ ನನ್ನನ್ನು ಕಾಪಾಡಿದ್ದು ಹಾಜರಿಗೆ ಮುಂಚೆ ತಿನ್ನುತ್ತಿದ್ದ ನಾಲ್ಕು ಬಿಸ್ಕತ್ತು. ಅಂದು ಡಬ್ಬ ಖಾಲಿಯಾಗಿತ್ತು.

ಮನೆಗೆ ಬಂದ ಮೇಲೆ ಬೆಳಗಾಗುವುದೆಂದರೆ ಭಯ. ಸೂಜಿ ಕಂಡರೆ ಗೋಡೆ, ಬೆವರು, ಆ ನೆನಪಿಲ್ಲದ ಹೊತ್ತು. ಒಂದು ದಿನ ಚುಚ್ಚಿಕೊಳ್ಳಲಿಲ್ಲ. ಎರಡನೆಯ ದಿನವೂ ಇಲ್ಲ. ಹೆಂಡತಿ ಶಾರದೆಗೆ ಹೇಳಲಿಲ್ಲ. ನಾಲ್ಕನೆಯ ದಿನ ಅವಳೇ ಕೇಳಿದಳು.

"ರೀ, ಸೂಜಿ ಡಬ್ಬ ಹಂಗೇ ಐತಲ್ಲ?"

"ಹೆದ್ರಿಕೆ ಆಗ್ತೈತೆ ಕಣೇ."

"ನಂಗಾಗಲ್ವಾ? ನೀವು ಹಾಜ್ರಿಗೆ ಹೋದ್ಮೇಲೆ ಫೋನ್ ಬಂದ್ರೆ ಸಾಕು, ಎದೆ ಹಾರ್ತೈತೆ."

ಅಂದು ಶುಗರ್ ಮುನ್ನೂರ ಎಂಬತ್ತು. ಆ ಕಡೆಯೂ ಗುಂಡಿ, ಈ ಕಡೆಯೂ ಗುಂಡಿ.

ನಾನು ಹಾಜರಿಗೆ ಮುಂಚೆಯೇ ತಿನ್ನಲಿ ಎಂದು ಮರುದಿನದಿಂದ ಶಾರದೆ ನಾಲ್ಕೂವರೆಗೆ ಎದ್ದು ರೊಟ್ಟಿ ತಟ್ಟಲು ಶುರು ಮಾಡಿದಳು. ಅಷ್ಟು ಬೇಗ ನನಗೆ ಅರ್ಧ ರೊಟ್ಟಿಯೂ ಇಳಿಯಲಿಲ್ಲ. ಐದನೆಯ ದಿನ ಅವಳು ಒಲೆ ಮುಂದೆ ಕೂತಲ್ಲೇ ತೂಕಡಿಸಿದಳು. ಸೆರಗು ಬೆಂಕಿಗೆ ಒಂದು ಗೇಣು ದೂರದಲ್ಲಿತ್ತು. ಅದನ್ನು ಅಲ್ಲಿಗೇ ನಿಲ್ಲಿಸಿದೆವು. ನಮ್ಮ ಬೆಳಿಗ್ಗೆ ಇರುವುದು ಹೇಗೋ ಹಾಗೇ, ಗಂಟೆ ಪ್ರಕಾರ, ಒಂದು ಹಾಳೆಯಲ್ಲಿ ಬರೆದೆ. ಹಾಸನಕ್ಕೆ ಹೋದೆವು.

ಡಾಕ್ಟರ್ ಓದಿ ತಲೆಯೆತ್ತಿದರು. "ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಏನ್ ಕೇಳಿದ್ರೂ ಹೂಂ ಅಂತಾರೆ ಸಾರ್. ಮನೇಲಿ ಮಾತ್ರ ಎಲ್ಲದಕ್ಕೂ ಊಹೂಂ," ಎಂದಳು ಶಾರದೆ.

ಅವರು ನಕ್ಕರು. ಆಮೇಲೆ ಡೋಸ್ ಸ್ವಲ್ಪ ಇಳಿಸಿದರು. ನನ್ನ ಮಟ್ಟಿಗೆ ಅವರು ಗೊತ್ತುಮಾಡಿದ್ದು ಇಷ್ಟು: ಎದ್ದ ತಕ್ಷಣ ಶುಗರ್ ನೋಡುವುದು. ಹಾಜರಿಗೆ ಇನ್ಸುಲಿನ್ ಇಲ್ಲದೆ ಹೋಗುವುದು. ಎಂಟೂಮುಕ್ಕಾಲಿಗೆ ಮನೆಯಲ್ಲಿ ಇಂಜೆಕ್ಷನ್, ಒಂಬತ್ತೂಕಾಲಿಗೆ ರೊಟ್ಟಿ. ದೂರದ ತೋಟಗಳನ್ನು ಈಗ ಮೇಸ್ತ್ರಿ ನೋಡುತ್ತಾರೆ. ಜೇಬಿನಲ್ಲಿ ಗ್ಲೂಕೋಸ್ ಪುಡಿ, ಬೆರಳು ಚುಚ್ಚಿ ನೋಡುವ ಯಂತ್ರ.

ಎರಡು ತಿಂಗಳು ಏನೂ ಆಗಲಿಲ್ಲ. ಆದರೂ ಪ್ರತಿ ದಿನ ಹನ್ನೊಂದನೆಯ ಹೆಸರು ದಾಟುವವರೆಗೆ ನನಗೆ ಉಸಿರು ಸರಿಯಾಗಿ ಬರುತ್ತಿರಲಿಲ್ಲ.

ಕಳೆದ ವಾರ ಹಾಜರಿಗೆ ನಿಂತಾಗ ಕತ್ತಿನ ಹಿಂದೆ ಬೆವರೊಡೆಯಿತು. ಹಿಂದಿನ ರಾತ್ರಿ ಇಂಜೆಕ್ಷನ್ ಆದ ಮೇಲೆ ಊಟ ಸೇರಿರಲಿಲ್ಲ; ಎದ್ದಾಗ ನೋಡಿದ ಶುಗರ್ ಮಾತ್ರ ಸರಿಯಿತ್ತು. ಬೆರಳು ಚುಚ್ಚಿದೆ. ಅರವತ್ತಾರು. ಮೂವತ್ತು ಜನ ನೋಡುತ್ತಿದ್ದರು. ಹೇಗೋ ಹಾಜರಿ ಮುಗಿಸಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆ ಕ್ಷಣ ನೆನೆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಗುತ್ತದೆ, ಈಗಲೂ.

"ನಂಗೆ ಶುಗರ್ ಇಳೀತೈತೆ. ಕಾಲು ಗಂಟೆ ಕಾಯ್ರಿ," ಎಂದೆ. ಪುಡಿ ಬಾಯಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತೆ.

"ಕೂತ್ಕಳಿ ರೈಟ್ರೇ," ಎಂದ ಮಂಜ. "ಗಿಡ ಎಲ್ಲೂ ಓಡ್ಹೋಗಾಕಿಲ್ಲ."

ಯಾರೂ ಕದಲಲಿಲ್ಲ. ಕಾಲು ಗಂಟೆ ಬಿಟ್ಟು ನೋಡಿದಾಗ ತೊಂಬತ್ತೆರಡು. ಎದ್ದು ಮೊದಲ ಹೆಸರು ಕೂಗಿದೆ.