ದಿನ್ನೆ ಹೊಲಕ್ಕೊಂದು ಹಳೆಯ ದೋಣಿ

ನಮ್ಮ ಸೋದರತ್ತೆಯ ಎಡಗಾಲಿನ ಹೆಬ್ಬೆರಳು ವರ್ಷದಲ್ಲಿ ಆರು ತಿಂಗಳು ಬಿಳಿಚಿಕೊಂಡು, ಸುಕ್ಕುಗಟ್ಟಿ, ಆ ಕಾಲಿನದೇ ಅಲ್ಲವೇನೋ ಎಂಬಂತೆ ಕಾಣುತ್ತಿತ್ತು. ಉಳಿದ ಬೆರಳುಗಳೆಲ್ಲ ಎರೆಮಣ್ಣಿನ ಬಣ್ಣ. ಅವಳ ದೋಣಿಯ ತಳದಲ್ಲಿ ಮೊಳೆಯೊಂದು ತುಕ್ಕು ಹಿಡಿದು ಉದುರಿದ ಕಡೆ ತೂತಿತ್ತು. ಅದಕ್ಕೆ ಹಳೆಯ ಸೀರೆಯ ಚಿಂದಿ ತುರುಕಿ, ಮೇಲೆ ಹೆಬ್ಬೆರಳು ಒತ್ತಿಕೊಂಡು ಹುಟ್ಟು ಹಾಕುತ್ತಿದ್ದಳು. ಯಾರಾದರೂ ನಕ್ಕರೆ, "ನನ್ನ ದೋಣಿ, ನನ್ನ ಬೆರಳು. ನಿಮ್ಮಪ್ಪಂದೇನ ಹೋಗ್ತೈತಿ?" ಎನ್ನುತ್ತಿದ್ದಳು.

ಅವಳಿಗೆ ದೋಣಿ ಬೇಕಾದದ್ದು ಶೋಕಿಗಲ್ಲ. ನಮ್ಮದು ಬಾಗಲಕೋಟೆಯ ಹಿನ್ನೀರಿನ ಅಂಚಿನ ಊರು. ಮಳೆಗಾಲದಲ್ಲಿ ನೀರು ಏರಿದಾಗ ತಗ್ಗಿನ ಹೊಲಗಳೆಲ್ಲ ಮುಳುಗುತ್ತವೆ, ಬೇಸಿಗೆಯಲ್ಲಿ ಮತ್ತೆ ತೇಲುತ್ತವೆ. ಆ ಹೊಲದವರಿಗೆಲ್ಲ ಪರಿಹಾರ ಸಿಕ್ಕು ಎಷ್ಟೋ ಕಾಲವಾಯಿತು. ಅತ್ತೆಯ ಹೊಲ ಮಾತ್ರ ದಿನ್ನೆಯ ಮೇಲಿದೆ. ಅದು ಮುಳುಗುವುದಿಲ್ಲ. ಸುತ್ತ ನೀರು ನಿಂತು, ಹಿಂಗಾರಿ ಬಿತ್ತುವ ಹೊತ್ತಿಗೆ ಸರಿಯಾಗಿ ನಡುಗಡ್ಡೆಯಾಗಿಬಿಡುತ್ತದೆ. ಅವಳು ಮುಳುಗಡೆ ಪರಿಹಾರದ ಕಚೇರಿಯನ್ನು ಕೇಳಿದ್ದು ಎರಡರಲ್ಲಿ ಒಂದು: "ಒಂದ ಹೊಲಾ ತೊಗೋರಿ, ಇಲ್ಲಾ ದಾರಿ ಕೊಡ್ರಿ." ಬಂದ ಉತ್ತರವನ್ನು ನಾನೇ ಓದಿ ಹೇಳಿದೆ. ಹೊಲ ಮುಳುಗಿಲ್ಲವಾದ್ದರಿಂದ ಪರಿಹಾರಕ್ಕೆ ಅವಕಾಶವಿಲ್ಲ. ಮುಳುಗಿರುವ ದಾರಿ ಅರ್ಜಿದಾರರ ಸ್ವಂತದ್ದಲ್ಲ. ನವನಗರದಲ್ಲಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡು ದಿನಾ ಹತ್ತಾರು ಅರ್ಜಿ ಬಡಿಯುವವಳು ನಾನು. ಇಷ್ಟು ನುಣ್ಣಗೆ ಒಬ್ಬರ ಬಾಯಿಗೆ ಮಣ್ಣು ಹಾಕುವ ವಾಕ್ಯವನ್ನು ಇವತ್ತಿಗೂ ಇನ್ನೊಂದು ಕಂಡಿಲ್ಲ.

ಅತ್ತೆಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಆ ಹೊಲ. ಅವಳ ತಮ್ಮ, ಅಂದರೆ ನನ್ನ ಕಾಕಾ, ಅದನ್ನು ಬಂದಷ್ಟಕ್ಕೆ ಮಾರಿಬಿಡು ಎಂದು ದುಂಬಾಲು ಬಿದ್ದಿದ್ದ. ಎರಡು ವರ್ಷ ಬಿತ್ತದೆ ಬೀಳುಬಿಟ್ಟರೆ ಸಾಕು, ಅವನ ಮಾತೇ ಗೆಲ್ಲುತ್ತಿತ್ತು. ಆ ಹಟದ ಮೇಲೆ ಅವಳು ದೋಣಿ ಕೊಳ್ಳಲು ಹೊರಟಳು. ಮೂರು ತಲೆಮಾರು ಕುರಿ ಕಾಯ್ದ ಮನೆಯ ಹೆಣ್ಣುಮಗಳು! ಸೊಂಟಕ್ಕಿಂತ ಆಳದ ನೀರಿಗೆ ಎಂದೂ ಇಳಿದವಳಲ್ಲ.

ಹುನಗುಂದದ ಕಡೆ ಹೊಳೆಸಾಲಿನ ಒಂದೂರಲ್ಲಿ ಸೇತುವೆಯಾಗಿ, ಅಲ್ಲಿಯ ಅಂಬಿಗನಿಗೆ ಕೆಲಸವಿಲ್ಲವಾಗಿತ್ತು. ಬಿರುಬೇಸಿಗೆಯಲ್ಲಿ ನನ್ನನ್ನೂ ಕರೆದುಕೊಂಡು ಹೋದಳು. ದೋಣಿ ದಂಡೆಯ ಗುಂಡಿಯೊಂದರಲ್ಲಿ ಹೊಟ್ಟೆ ತುಂಬ ನೀರು ತುಂಬಿಸಿಕೊಂಡು ಅರ್ಧ ಮುಳುಗಿ ಕೂತಿತ್ತು. ಅತ್ತೆಗೆ ಕರುಳು ಚುರ್ ಎಂದಿತು. "ನೋಡ ತಂಗಿ, ಇಂಥಾ ಸಾಗವಾನಿ ಕಟ್ಟಿಗೀನ ಎಮ್ಮಿ ಹಂಗ ರಾಡ್ಯಾಗ ಮಲಗಿಸ್ಯಾನ" ಎಂದು ನನ್ನ ಕಿವಿಯಲ್ಲಿ ಬೈದಳು. ಅಂಬಿಗ ನೀರು ತೋಡಿ ಅದನ್ನು ಮೇಲಕ್ಕೆಳೆದ. ಎತ್ತು ಕೊಳ್ಳುವವಳಂತೆ ಅತ್ತೆ ಸುತ್ತ ಮೂರು ಸುತ್ತು ಹಾಕಿ, ಬೆನ್ನು ತಟ್ಟಿ, ಮೂತಿ ಎತ್ತಿ ನೋಡಿದಳು. ಹಲಗೆಯ ಗಂಟುಗಳ ಮೇಲೆ ಬೆರಳಾಡಿಸಿ ಕೆಟ್ಟ ಸುಳಿ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಕೊನೆಗೆ ಕೇಳಿದಳು, "ಸೋರ್ತೈತೇನಪಾ?"

"ನೀರಾಗಿದ್ರ ಸೋರಂಗಿಲ್ಲಬೇ ಯವ್ವಾ" ಎಂದ ಅಂಬಿಗ.

ದೋಣಿಯ ಬಗ್ಗೆ ಇನ್ನೇನು ಕೇಳಬೇಕು? ಅಲ್ಲೇ ಅರಿಶಿನದ ಭಂಡಾರ ಹಚ್ಚಿ, ಮನೆದೇವರು ಬೀರಪ್ಪನ ಹೆಸರು ಹೇಳಿ, ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಬಂದಳು.

ಮೂರು ತಿಂಗಳು ಅದಕ್ಕೆ ನಡೆದ ಉಪಚಾರ ಬಾಣಂತಿಗೂ ನಡೆದಿರಲಿಕ್ಕಿಲ್ಲ. ಕೊಟ್ಟಿಗೆಯಲ್ಲಿ ನಾಲ್ಕು ಕಲ್ಲಿನ ಮೇಲೆ ಏರಿಸಿ, ಹನಿ ನೀರು ತಾಗದಂತೆ ತಾಡಪತ್ರಿ ಹೊದಿಸಿ, ಗೆದ್ದಲು ಹತ್ತಬಾರದೆಂದು ಔಡಲೆಣ್ಣೆ ಸವರಿ ಕಾಪಾಡಿದಳು. ನಮ್ಮ ಬಂಡಿ, ರಂಟೆ, ಕುಂಟೆಗಳನ್ನು ನಾವು ಹಾಗೇ ಕಾಪಾಡುವುದು. ಕಾಕಾ ಬಂದಾಗಲೆಲ್ಲ, "ಹೋಳಿಹುಣ್ಣಿವಿಗಿ ಕಾಮಣ್ಣನ ಸುಡಾಕರ ಆಕ್ಕೈತಿ ಬಿಡು" ಎಂದು ನಗುತ್ತಿದ್ದ.

ಶ್ರಾವಣದಲ್ಲಿ ನೀರು ಏರಿತು. ಊರೆಲ್ಲ ದಂಡೆಗೆ ಬಂದು ನಿಂತಿತ್ತು. ಅತ್ತೆ ಕಚ್ಚೆ ಹಾಕಿ ಏರಿ ಕೂತಳು, ಇಬ್ಬರು ತಳ್ಳಿದರು, ಹತ್ತು ಮಾರು ಹೋಗುವಷ್ಟರಲ್ಲಿ ದೋಣಿ ಎಲ್ಲ ಸಂದುಗಳಿಂದಲೂ ನೀರು ಕುಡಿದು ಕುಸಿಯಿತು. ಅವಳು ಎದೆಮಟ್ಟದ ನೀರಲ್ಲಿ ನಡೆದುಕೊಂಡು ಹೊರಗೆ ಬಂದಳು. ಜನ ಸಿಳ್ಳೆ ಹೊಡೆದರು. ಕಾಕಾ ವಿಡಿಯೋ ಮಾಡಿದ. ಸ್ವಂತ ಅಕ್ಕ ಮುಳುಗುವುದನ್ನು!

"ನೀರಾಗಿದ್ರ ಸೋರಂಗಿಲ್ಲಂತ! ಮತ್ತ ಗಾಳ್ಯಾಗ ಸೋರ್ತೈತೇನ ಭಾಡ್ಯಾನ ದೋಣಿ?" ಎಂದು ಅತ್ತೆ ಚೀರಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನನಗೂ ಮೈ ಉರಿದುಹೋಗಿತ್ತು. ಅಂಗಡಿಗೆ ಹೋದವಳೇ, ಅಂಬಿಗನ ಊರು, ಹೆಸರು, ದೋಣಿ ಕೊಂಡ ದಿನ ತೆಗೆದ ಅವನ ಫೋಟೋ ಎಲ್ಲ ಹಾಕಿ, 'ಈ ವಂಚಕನಿಂದ ಎಚ್ಚರ' ಎಂದು ಬರೆದು ಕಂಡ ಕಂಡ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದೆ.

ನಾಲ್ಕನೆಯ ದಿನ ಅಂಬಿಗ ಬಸ್ಸಿಳಿದು ಬಂದ. ಕೈಯಲ್ಲಿ ಸಂದು ಮುಚ್ಚುವ ಅರಳೆ, ರಾಳದ ಡಬ್ಬಿ. ನೆಟ್ಟಗೆ ದಂಡೆಗೆ ಹೋಗಿ, ಎಳೆದು ಹಾಕಿದ್ದ ದೋಣಿಗೆ ಕಲ್ಲು ತುಂಬಿ ಮತ್ತೆ ನೀರಿಗೆ ನೂಕಿ ಮುಳುಗಿಸತೊಡಗಿದ. ಅತ್ತೆ ಕುಡಗೋಲು ಹಿಡಿದೇ ಓಡಿದಳು. "ಮಾರಿದ್ದ ಸಾಲದೇನಲೇ? ಕೊಲ್ಲಾಕೂ ಬಂದೀಯೇನ?"

"ಯವ್ವಾ, ಇದನ್ನ ಎಲ್ಲಿಟ್ಟಿದ್ದಿ?"

"ಕೊಟ್ಟಿಗ್ಯಾಗ. ಬೆಚ್ಚಗ. ನಿನ್ನಂಗ ರಾಡ್ಯಾಗಲ್ಲ."

ಅವನು ಹಣೆ ಬಡಿದುಕೊಂಡ. "ಒಣಗಿದ್ರ ಹಲಗಿ ಸೆಟೆದು ಬಾಯಿ ಬಿಡ್ತಾವ. ನೀರಾಗಿದ್ರ ಉಬ್ಬಿ ಕೂಡ್ತಾವ. ಖಾಲಿ ಇದ್ದಾಗ ಮುಳುಗಿಸೇ ಇಡೂದು. ಅದಕ್ಕ ನೀರಾಗಿದ್ರ ಸೋರಂಗಿಲ್ಲ ಅಂದಿದ್ದೆ. ನಾ ಖರೆ ಹೇಳಿದ್ದೆ ಯವ್ವಾ. ನನ್ನ ಮೊಮ್ಮಗಳು ಫೋನಿನ್ಯಾಗ ನನ್ನ ಮಾರಿ ತೋರಿಸಿದ್ಲು, ಕಳ್ಳ ಅಂತ ಬರದಿತ್ತು."

ಎಂಟು ದಿನ ನೀರು ಕುಡಿದು ದೋಣಿ ಗಟ್ಟಿಯಾಯಿತು. ಉಳಿದದ್ದು ಮೊಳೆಯ ಆ ಒಂದು ತೂತು. ಅವನ ಅರಳೆ ರಾಳಕ್ಕೂ ಅದು ಜಗ್ಗಲಿಲ್ಲ. ಅತ್ತೆ ತಪ್ಪಾಯಿತು ಎನ್ನುವ ಪೈಕಿಯವಳಲ್ಲ. ಎಂಟು ದಿನವೂ ಅವನನ್ನು ಮನೆಯಲ್ಲಿಟ್ಟುಕೊಂಡು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ಹೊರಟ ದಿನ ನನ್ನನ್ನು ಕರೆದು, "ತಂಗಿ, ಆ ಫೋನಿನ್ಯಾಗಿಂದ ಅವನ ಮಾನ ಹೊಳ್ಳಿ ತೆಗದ ಕೊಡು" ಎಂದಳು. ನಾನು ಕ್ಷಮೆ ಕೇಳಿ ಇನ್ನೊಂದು ಬರೆದು ಕಳಿಸಿದೆ. ಮೊದಲಿನದನ್ನು ಊರೂರಿಗೆ ದಾಟಿಸಿದ ಮಹನೀಯರಲ್ಲಿ ಒಬ್ಬರೂ ಎರಡನೆಯದನ್ನು ದಾಟಿಸಲಿಲ್ಲ. ಅವರನ್ನು ಬೈಯಲು ನನಗೆ ಯಾವ ಮುಖವಿದೆ? ಆದರೂ ಬೈಯುತ್ತೇನೆ, ನನ್ನನ್ನೂ ಸೇರಿಸಿಕೊಂಡು.

ಅಂಬಿಗನಿಂದ ಹುಟ್ಟು ಹಾಕುವುದನ್ನು ಕಲಿತಿದ್ದ ಅತ್ತೆ ಆ ವರ್ಷ ಬಿತ್ತಿದಳು. ಎತ್ತುಗಳನ್ನು ದೋಣಿಯ ಹಿಂದೆ ಈಜಿಸಿಕೊಂಡು ಹೋದಳು. ಬಿಳಿಜೋಳ ಆಳೆತ್ತರ ಬಂದಿತು. ಕಚೇರಿಗೆ ಅರ್ಜಿಯನ್ನೂ ಬಿಡಲಿಲ್ಲ. ಕೊನೆಗೊಮ್ಮೆ ಸ್ಥಳ ತನಿಖೆಗೆ ಒಬ್ಬ ಸಾಹೇಬರು ಬಂದರು, ಬಂದದ್ದು ನಡುಬೇಸಿಗೆಯಲ್ಲಿ. ನೀರು ಹಿಂದೆ ಸರಿದು ಒಣಗಿದ ನೆಲದ ಮೇಲೆ ಜೀಪಿನಲ್ಲೇ ದಿನ್ನೆಯವರೆಗೆ ಹೋಗಿ, ಜೀಪಿನಲ್ಲೇ ಕೂತು 'ದಾರಿ ಇದೆ' ಎಂದು ಬರೆದುಕೊಂಡು ಹೋದರು. ಬೇಸಿಗೆಯಲ್ಲಿ ದೋಣಿ ನೋಡಲು ಹೋದ ನಾವು ದಡ್ಡರು, ಒಪ್ಪುತ್ತೇನೆ. ಬೇಸಿಗೆಯಲ್ಲಿ ಮುಳುಗಡೆ ನೋಡಲು ಬಂದವರಿಗೆ ಸಂಬಳವಿತ್ತು.

ನಾನು ಆಕ್ಷೇಪಣೆಯ ಮೇಲೆ ಆಕ್ಷೇಪಣೆ ಟೈಪು ಮಾಡಿದೆ. ಮುಂದಿನ ಶ್ರಾವಣದಲ್ಲಿ ಅದೇ ಸಾಹೇಬರು ಮುಖ ಗಂಟಿಕ್ಕಿಕೊಂಡು ಮತ್ತೆ ಬಂದರು. ಅತ್ತೆ ಅವರನ್ನು ಗೌರವದಿಂದ ದೋಣಿಯಲ್ಲಿ ಕೂರಿಸಿದಳು, ಅವರ ಹಿಂದೆ ನನ್ನನ್ನು. ದಾರಿ ಇದೆಯೆಂದು ಕಾಗದದಲ್ಲಿ ಬರೆದಿದ್ದ ಜಾಗಕ್ಕೆ ಬಂದಾಗ ಹುಟ್ಟು ನಿಲ್ಲಿಸಿದಳು.

"ಸಾಹೇಬ್ರ, ದಾರಿ ಎಲ್ಲೈತಿ ತೋರಸ್ರಿ. ಅಲ್ಲೇ ಇಳಸ್ತೇನಿ. ನಡಕೊಂಡ ಬರ್ರಿ."

ಸಾಹೇಬರು ಅತ್ತಿತ್ತ ನೋಡಿದರು. ಎಲ್ಲಿ ನೋಡಿದರೂ ನೀರು. ಅತ್ತೆ ಮೆಲ್ಲಗೆ ಹೆಬ್ಬೆರಳೆತ್ತಿ, ಚಿಂದಿಯನ್ನೂ ಕಾಲಿನಿಂದಲೇ ಎಳೆದು ಹಾಕಿದಳು. ಬುಳಬುಳ ಎಂದು ನೀರು ಎದ್ದಿತು. ಸಾಹೇಬರು ತಮ್ಮ ಊಟದ ಡಬ್ಬಿ ಬರಿದು ಮಾಡಿಕೊಂಡು ನೀರು ತೋಡತೊಡಗಿದರು. ಚಪಾತಿ ತೇಲಿಹೋದವು. "ಬರೀತೇನಿ ಬೇ, ಬರೀತೇನಿ, ದಾರಿ ಇಲ್ಲಂತ ಬರೀತೇನಿ!" ಎಂದಮೇಲೆ ಬೆರಳು ಸ್ವಸ್ಥಾನಕ್ಕೆ ಬಂತು. ಅವರು ಬರೆದದ್ದನ್ನು ದಂಡೆಯಲ್ಲಿ ಅತ್ತೆ ನನ್ನಿಂದ ಎರಡು ಸಲ ಓದಿಸಿ ಕೇಳಿದಳು. ಅಷ್ಟು ಸಂತೋಷದ ಮುಖವನ್ನು ಅವಳಲ್ಲಿ ಮತ್ತೆ ನೋಡಲಿಲ್ಲ.

ಕಡತ ಮೇಲೆ ಹೋಯಿತು. ಮೇಲೆಂದರೆ ಎಲ್ಲಿಗೆಂದು ಯಾರೂ ಹೇಳಲಿಲ್ಲ. ಮರುವರ್ಷ ಜೋಳ ಮೊಳಕಾಲೆತ್ತರ ಇರುವಾಗ ಅತ್ತೆ ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಹೊಲದಲ್ಲೇ ಮಣ್ಣು ಮಾಡಬೇಕೆಂದು ಎಲ್ಲರಿಗೂ ಹೇಳಿಟ್ಟಿದ್ದಳು. ಸುತ್ತ ತುಂಬು ನೀರು. ಸುದ್ದಿ ಕೇಳಿ ಬಂದ ಅಂಬಿಗ ಹುಟ್ಟು ತೆಗೆದುಕೊಂಡ. ಮೊದಲ ಸರದಿಯಲ್ಲಿ ಅತ್ತೆ, ಅವಳ ಕಾಲ ಬಳಿ ನಾನು, ತಲೆಯ ಬಳಿ ಕಾಕಾ. ಕಾಕಾ ಎರಡೂ ಕೈಯಿಂದ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದ. ನನಗೆ ಅಳು ಬರಲಿಲ್ಲ. ಅವನ ಕೊರಳಪಟ್ಟಿ ಹಿಡಿದು, ಕಣ್ಣು ತೆಗೆದು ನೋಡು, ನಿನ್ನಕ್ಕ ಈ ನೀರನ್ನು ದಿನಾ ದಾಟಿದಳು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ಅದೊಂದು ಬಾಕಿ ಉಳಿದಿದೆ.

ಹೊಲವನ್ನು ಅವಳು ನನ್ನ ಹೆಸರಿಗೆ ಬರೆದಿಟ್ಟಿದ್ದಳು. ಹುಟ್ಟು ಹಾಕುವುದನ್ನು ನಾನೂ ಅಂಬಿಗನಿಂದಲೇ ಕಲಿತೆ. ಹೋದ ತಿಂಗಳು ಕಚೇರಿಯಿಂದ ಅವಳ ಹೆಸರಿಗೆ ಪತ್ರ ಬಂದಿದೆ: ದಾರಿಯ ವಿಷಯದಲ್ಲಿ ಹೇಳಿಕೆ ಪಡೆಯಬೇಕಿರುವುದರಿಂದ ಅರ್ಜಿದಾರರು ಖುದ್ದಾಗಿ ಹಾಜರಾಗತಕ್ಕದ್ದು, ತಪ್ಪಿದರೆ ಅರ್ಜಿ ವಜಾ.

ಎಷ್ಟೋ ಜನರ ಅರ್ಜಿಗಳನ್ನು ಬಡಿದ ಕೈ ಇದು, ಉತ್ತರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 'ಮಾನ್ಯರೇ, ಅರ್ಜಿದಾರರು ಹೊಲ ಬಿಟ್ಟು ಬರುವ ಸ್ಥಿತಿಯಲ್ಲಿಲ್ಲ. ತಾವೇ ಖುದ್ದಾಗಿ ಬಂದು ಅವರನ್ನು ಕಾಣಬೇಕು. ಶ್ರಾವಣದಲ್ಲಿ ಬನ್ನಿ, ನಾನು ದಾಟಿಸುತ್ತೇನೆ.'