ಹೊರಗಿನ ಮೆಟ್ಟಿಲು

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಮೊದಲು ನೀರು ನೋಡಿ. ನಲ್ಲಿ ಯಾವಾಗ ಬರುತ್ತದೆ, ಬಾವಿಗೆ ಎಷ್ಟು ಮನೆಯವರು ಹಗ್ಗ ಬಿಡುತ್ತಾರೆ, ಕಕ್ಕಸು ಹಂಚಿಕೊಳ್ಳಬೇಕೋ ಹೇಗೆ, ಇಷ್ಟು ವಿಚಾರಿಸಿಕೊಂಡರೆ ಸಾಕಂತೆ. ನಾವು ಅದನ್ನೆಲ್ಲ ಕೇಳುವ ಮೊದಲೇ ಮಾಲೀಕರು ನಮ್ಮನ್ನು ಒಂದು ಪ್ರಶ್ನೆ ಕೇಳಿ ಮಾತು ಮುಗಿಸಿಬಿಡುತ್ತಿದ್ದರು. ‘ಮನೇಲಿ ವಯಸ್ಸಾದೋರು ಯಾರಾದ್ರೂ ಇದಾರಾ?’

ಇದ್ದರು. ನನ್ನ ಅವ್ವ. ಅಪ್ಪ ಹೋದ ಮೇಲೆ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಅವಳನ್ನು ಕರೆದುಕೊಂಡು ಬಂದಿದ್ದೆ. ನಾನು ಒಬ್ಬಳೇ ಮಗಳು. ಸ್ಕೂಲಿನಲ್ಲಿ ಟೀಚರಾಗಿದ್ದೆ, ನಮ್ಮ ಯಜಮಾನರು ಗುಮಾಸ್ತರು, ತಿಂಗಳು ಹುಟ್ಟಿದರೆ ಬಾಡಿಗೆ ಕೊಡುವುದಕ್ಕೆ ಏನೂ ಕಷ್ಟವಿರಲಿಲ್ಲ. ಆದರೂ ಅವ್ವನನ್ನು ಕಂಡ ತಕ್ಷಣ ಮಾಲೀಕರಿಗೆ ಯಾರೋ ನೆಂಟರು ನೆನಪಾಗುತ್ತಿದ್ದರು, ಮನೆ ಅವರಿಗೆ ಆಗಲೇ ಕೊಟ್ಟಾಗಿರುತ್ತಿತ್ತು.

ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಯಾರಾದರೂ ಸತ್ತು, ಆ ಗಳಿಗೆಯ ನಕ್ಷತ್ರ ಸರಿಯಿಲ್ಲದಿದ್ದರೆ ಬೀಗ ಹಾಕಿ ತಿಂಗಳುಗಟ್ಟಲೆ ಖಾಲಿ ಬಿಡಬೇಕು. ಒಂದೇ ಸೂರಿನ ಕೆಳಗಿದ್ದರೆ ಮಾಲೀಕರೂ ಗಂಟುಮೂಟೆ ಕಟ್ಟಬೇಕು. ನನ್ನ ಅವ್ವ ಗುಂಡುಕಲ್ಲಿನ ಹಾಗಿದ್ದಳು. ಮುದ್ದೆ ನುಂಗುವುದರಲ್ಲಿ ನನ್ನನ್ನು ಮೀರಿಸುತ್ತಿದ್ದಳು. ಅವಳ ಮುಖ ನೋಡಿ ನಕ್ಷತ್ರ ಎಣಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಮನೆ ನೋಡಲು ಹೋಗುವಾಗ ಅವ್ವ ಹುಣಸೆ ಮರದ ಕೆಳಗೆ ನಿಂತುಬಿಟ್ಟಳು. ‘ನೀವಿಬ್ರೂ ಹೋಗಿ ನೋಡ್ಕಂಡ್ ಬನ್ನಿ, ನಾನಿಲ್ಲೇ ಕೂತಿರ್ತೀನಿ. ಕೇಳಿದ್ರೆ ಇಬ್ರೇ ಅಂದ್‌ಬುಡಿ.’

‘ಯಾಕವ್ವ, ನೀನೇನ್ ಕದ್ದಿದೀಯಾ?’ ಅಂದೆ.

‘ನಿಂಗೆ ಮನೆ ಬೇಕಾ, ಜಗಳ ಬೇಕಾ?’

ಮನೆ ಬೇಕಿತ್ತು. ಇಬ್ಬರೇ ಅಂದೆವು, ಸಿಕ್ಕಿತು. ವಾರ ಕಳೆದ ಮೇಲೆ ಅವ್ವ ಊರಿಂದ ಬಂದವಳ ಹಾಗೆ ಬಂದು ಸೇರಿಕೊಂಡಳು. ಹಿಂದಿನ ಕೋಣೆಯಲ್ಲಿ, ಮಾಲೀಕರಿಗೆ ಕೇಳಿಸದಿರಲಿ ಅಂತ ಬಾಯಿಗೆ ಸೆರಗು ಅದುಮಿಕೊಂಡು ಕೆಮ್ಮುತ್ತಿದ್ದಳು. ನಾನು ಮನೆ ಕಟ್ಟಿದರೆ ಬಾಡಿಗೆಗೆ ಬಂದವರನ್ನು ಆ ಪ್ರಶ್ನೆ ಕೇಳುವುದಿಲ್ಲ, ಯಾರಿಗೂ ಕೇಳುವುದಕ್ಕೆ ಬಿಡುವುದೂ ಇಲ್ಲ ಅಂತ ಅಲ್ಲೇ ನಿಶ್ಚಯ ಮಾಡಿಕೊಂಡೆ.

ಎಂಬತ್ತರ ದಶಕದಲ್ಲಿ ಕೋರಕ್ಕೆ ಹೋಗುವ ದಾರಿಯಲ್ಲಿ, ಊರು ಮುಗಿಯುವ ಕಡೆ, ಒಂದು ಸೈಟು ಕೊಂಡೆವು. ಕೆಳಗೆ ನಾವು, ಮೇಲೆ ಬಾಡಿಗೆಗೆ ಒಂದು ಮನೆ ಅಂತ ಪ್ಲ್ಯಾನು. ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾವನವರು ದುಡ್ಡು ಹಾಕಿದ್ದರಿಂದ ಅಲ್ಲಿ ಅವರದೇ ಮಾತು. ಪಾಯ ತೆಗೆಯುವ ದಿನ ಮೇಸ್ತ್ರಿಗೆ ಹೇಳಿದರು: ‘ಮಹಡಿ ಮೆಟ್ಲು ನಮ್ಮ ಹಾಲ್‌ನಲ್ಲೇ ಬರ್ಲಿ. ಬಾಡಿಗೆಯೋರ ಮನೆಗೆ ಯಾರ್ ಬಂದ್ರು, ಯಾರ್ ಹೋದ್ರು, ನಮ್ಮ ಕಣ್ಣಿಗೆ ಬೀಳ್ಬೇಕು.’

ನಮ್ಮ ಯಜಮಾನರು ತಲೆಯಾಡಿಸಿದರು. ಅಪ್ಪನ ಎದುರಿಗೆ ಅವರು ಬೇರೇನಾದರೂ ಮಾಡಿದ್ದನ್ನು ನಾನು ಕಂಡಿಲ್ಲ.

‘ಬೇಡ ಮಾವ, ಹೊರಗಡೆ ಇರ್ಲಿ’ ಅಂದೆ.

‘ಹೊರಗಡೆ ಇಟ್ರೆ ಛತ್ರ ಆಗುತ್ತೆ ಕಣಮ್ಮ.’

ಗಾಳಿ ಅಂದೆ, ಬೆಳಕು ಅಂದೆ, ಹಾಲ್ ಚಿಕ್ಕದಾಗುತ್ತೆ ಅಂದೆ. ಮಾವ ಜಪ್ಪಯ್ಯ ಅನ್ನಲಿಲ್ಲ. ಇವರಿಗೆ ನಾಟುವ ಮಾತು ಬೇರೆಯೇ ಇರಬೇಕು ಅಂತ ಯೋಚಿಸಿದೆ. ಅಷ್ಟು ವರ್ಷ ಮಾಲೀಕರ ಬಾಗಿಲಲ್ಲಿ ನಿಂತದ್ದು ಆಗ ಉಪಯೋಗಕ್ಕೆ ಬಂತು.

‘ಮಾವ, ಮೆಟ್ಲು ಒಳಗಿದ್ರೆ ಮೇಲೂ ಕೆಳಗೂ ಒಂದೇ ಮನೆ ಆಗೋಗುತ್ತೆ. ಬಾಡಿಗೆಯೋರ ಮನೇಲಿ ಯಾರಾದ್ರೂ ಹೋದ್ರೆ ನಮ್ಮ ದೇವರ ಮನೆ ಮುಂದೇನೇ ಇಳಿಸ್ಬೇಕು. ನಕ್ಷತ್ರ ಕೆಟ್ಟಿದ್ರೆ ನಾವೂ ಬೀಗ ಹಾಕ್ಕೊಂಡು ನಿಮ್ಮ ಜೊತೆ ಗುಬ್ಬೀಲೇ ಇರ್ಬೇಕಾಗುತ್ತೆ, ತಿಂಗಳುಗಟ್ಲೆ. ಹೊರಗಿದ್ರೆ ಅವರ ಬಾಗಿಲು ಅವರಿಗೆ.’

ಮಾವ ಮೂಗಿನ ತನಕ ತಂದಿದ್ದ ನಶ್ಯವನ್ನು ಅಲ್ಲೇ ನಿಲ್ಲಿಸಿದರು. ಸೊಸೆ ಗುಬ್ಬಿಗೆ ಬಂದು ತಿಂಗಳುಗಟ್ಟಲೆ ಕೂರುವುದು ಅವರ ಕಣ್ಣಿಗೆ ಕಟ್ಟಿರಬೇಕು. ‘ಹೊರಗಡೇನೇ ಹಾಕಪ್ಪ’ ಅಂದರು ಮೇಸ್ತ್ರಿಗೆ. ನನಗಾದ ಖುಷಿಗೆ ಪಾಯದ ಮಣ್ಣಿನಲ್ಲೇ ಕುಣಿಯಬಹುದಿತ್ತು.

ನಾನು ಅಷ್ಟಕ್ಕೇ ಬಿಡಲಿಲ್ಲ. ಮೆಟ್ಟಿಲಿನ ಎತ್ತರಕ್ಕೆ ಅವ್ವನ ಕಾಲೇ ಅಳತೆ ಅಂದೆ. ಇಟ್ಟಿಗೆ ಪೇರಿಸಿ ಅವಳನ್ನು ಹತ್ತಿಸಿದೆ. ಅವಳು ಮಂಡಿಯ ಮೇಲೆ ಕೈ ಊರಿದಾಗಲೆಲ್ಲ ಒಂದು ಇಟ್ಟಿಗೆ ತೆಗೆಸಿದೆ. ಕೈ ಊರದೆ ಹತ್ತಿದ ಎತ್ತರಕ್ಕೆ ಮೇಸ್ತ್ರಿ ಗೊಣಗಿಕೊಂಡೇ ಗುರುತು ಹಾಕಿದ. ಇಷ್ಟು ಗಿಡ್ಡ ಇಟ್ಟರೆ ಮೆಟ್ಟಿಲು ಜಾಸ್ತಿ ಆಗಿ ಜಾಗ ತಿನ್ನುತ್ತದೆ ಅಂತ ಅವನ ತಕರಾರು.

‘ನಾನು ಕೆಳಗಿರೋಳು, ನನ್ ಕಾಲಿನ ಅಳತೆ ಯಾಕೆ?’ ಅಂದಳು ಅವ್ವ.

‘ನಿನ್ನಂಥೋರು ಯಾರಾದ್ರೂ ಬರ್ತಾರೆ. ಸುಮ್ನೆ ಹತ್ತವ್ವ.’

ಗೃಹಪ್ರವೇಶವಾಯಿತು, ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡು ಹಾಕಿದೆವು. ಮೊದಲು ಬಂದವರು ಹೊಸದಾಗಿ ತುಮಕೂರಿಗೆ ವರ್ಗವಾಗಿದ್ದ ಗಂಡ ಹೆಂಡತಿ. ಅವತ್ತು ಮಾವನವರೂ ಬಂದಿದ್ದರು. ಕುರ್ಚಿ ಹಾಕಿಕೊಂಡು ವರಾಂಡದಲ್ಲಿ ಕೂತು, ಆ ಹುಡುಗನ ಊರು, ಕೆಲಸ ವಿಚಾರಿಸಿ, ಕೊನೆಗೆ ಕೇಳಿಯೇಬಿಟ್ಟರು. ‘ಮನೇಲಿ ವಯಸ್ಸಾದೋರು ಯಾರಾದ್ರೂ ಇದಾರೇನಪ್ಪ?’

ನನ್ನ ಮನೆಯಲ್ಲಿ, ನನ್ನ ಎದುರಿಗೇ. ನನಗೆ ಸಿಟ್ಟು ನೆತ್ತಿಗೇರಿತು.

‘ಇಲ್ಲ ಸಾರ್, ನಾವಿಬ್ರೇ’ ಅಂದ ಹುಡುಗ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದಳು. ಹುಡುಗನ ಹೆಂಡತಿ ನಾವು ಕೊಟ್ಟ ನೀರು ಕುಡಿಯದೆ ಬೀದಿಯ ಕೊನೆಯನ್ನೇ ನೋಡುತ್ತಿದ್ದದ್ದನ್ನು ಗಮನಿಸಿದ್ದಳು. ಚಪ್ಪಲಿ ಮೆಟ್ಟಿಕೊಂಡು ಬಿಸಿಲಿನಲ್ಲಿ ನಡೆದೇಬಿಟ್ಟಳು. ವಾಪಸು ಬಂದಾಗ ಜೊತೆಯಲ್ಲಿ ಒಬ್ಬರು ಮುದುಕರಿದ್ದರು, ಕಂಕುಳಲ್ಲಿ ಕೊಡೆ. ಹುಡುಗ ತಲೆ ತಗ್ಗಿಸಿದ. ‘ನಮ್ಮ ತಂದೆ ಸಾರ್’ ಅಂದ.

‘ಮೋರಿ ಕಟ್ಟೆ ಮೇಲೆ ಕೂರ್ಸವ್ರೆ’ ಅಂದಳು ಅವ್ವ ಮಾವನಿಗೆ. ‘ನಿಮ್ಮ ಮಗ ಸೊಸೆ ಮನೆ ಹಿಡಿಯೋವಾಗ ನಾನೂ ಹಿಂಗೇ ಮರದಡಿ ಕೂತಿದ್ದೆ. ಹಂಗೆ ಕೂತಿರೋದು ಹೆಂಗಿರುತ್ತೆ ಅಂತ ನಂಗೊತ್ತು ಬೀಗ್ರೇ.’

ಮಾವ ಆ ಮುದುಕರನ್ನು ನೋಡಿದರು. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ನಮ್ಮ ಯಜಮಾನರು, ಅವತ್ತು ಅಪ್ಪನ ಮುಖ ನೋಡದೆ, ಮಹಡಿಯ ಬೀಗದ ಕೈಯನ್ನು ತೆಗೆದು ಆ ಮುದುಕರ ಕೈಗೇ ಕೊಟ್ಟರು. ‘ಹೋಗಿ ನೋಡ್ಕೊಂಡು ಬನ್ನಿ’ ಅಂದರು.

ಮುದುಕರು ಮೆಟ್ಟಿಲು ಹತ್ತಿದರು. ನಾನು ಅವರ ಮಂಡಿಯನ್ನೇ ನೋಡುತ್ತಿದ್ದೆ. ತುದಿ ಮುಟ್ಟುವವರೆಗೂ ಕೈ ಊರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಗೆದ್ದೆ ಅನ್ನಿಸಿತು.

ಮಾವ ಕತ್ತೆತ್ತಿ ನೋಡಿ, ನಿಧಾನಕ್ಕೆ ನಶ್ಯ ಏರಿಸಿದರು. ‘ನೋಡ್ದೇನಮ್ಮ’ ಅಂದರು ನನಗೆ, ‘ಇದಕ್ಕೇ ನಾನು ಮೆಟ್ಲು ಹೊರಗಡೆ ಹಾಕ್ಸಿದ್ದು.’

‘ಹೌದು ಮಾವ’ ಅಂದೆ.

ಅಷ್ಟರಲ್ಲಿ ಮೇಲೆ ಬೀಗ ತೆಗೆದ ಸದ್ದಾಯಿತು. ಒಳಗೆ ಹೋದ ಮುದುಕರು ಬೀದಿಗೆಲ್ಲ ಕೇಳಿಸುವ ಹಾಗೆ, ಗಂಟಲು ತುಂಬ ಕೆಮ್ಮಿದರು.